ಸಿಪಿಲೆ ಹಕ್ಕಿಯ ಬಾಲ ನಿಲ್ಲದಾದ ಕತೆ

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳ ಹಸಿಮಣ್ಣು ಆರಿರಲಿಲ್ಲ. ಗಾಳಿಗೆ ದಾರಿ ಗೊತ್ತಿರಲಿಲ್ಲ, ಹೋದಲ್ಲೆಲ್ಲ ಡಿಕ್ಕಿ ಹೊಡೆಯುತ್ತಿತ್ತು. ಆಗ ಸಿಪಿಲೆ ಹಕ್ಕಿಯ ಬಾಲ ಮಾತ್ರ ಅಲುಗಾಡದೆ ಇರುತ್ತಿತ್ತು. ನಂಬುವುದಿಲ್ಲವೇ? ಪೂರ್ತಿ ಕೇಳಿ, ಆಮೇಲೆ ವಾದ ಮಾಡುವಿರಂತೆ.

ಒಂದೂರಿನ ಜನ ಬೆವರು ಸುರಿಸಿ ಕೆರೆ ಕಟ್ಟಿದ್ದರು. ಮಣ್ಣಿನ ಏರಿ, ಅದು ಕೊಚ್ಚಿಹೋಗದಂತೆ ನೀರಿನ ಕಡೆಗೆ ಕಲ್ಲಿನ ಹೊದಿಕೆ. ಆ ಕಲ್ಲುಗಳ ಸಂದಿಯೇ ಸಿಪಿಲೆಯ ಮನೆ.

ಮರುವರ್ಷ ಜನ ಬೆಂಕಿ ಮಾಡಲು ಕಲಿತರು. ಬೆಂಕಿ ಬಂದಮೇಲೆ ಒಲೆ ಬೇಡವೇ? ಒಲೆಗೆ ಮೂರು ಗುಂಡುಕಲ್ಲು ಬೇಡವೇ? ಬೆಟ್ಟದಿಂದ ಹೊತ್ತು ತರುವವರು ಯಾರು! ಕದಿರಪ್ಪ ಎಂಬ ರೈತ ಮೊದಲು ಏರಿಗೆ ಕೈಹಾಕಿದ.

"ಅಣ್ಣಾ, ಕೀಳಬ್ಯಾಡ" ಎಂದಿತು ಸಿಪಿಲೆ.

"ಮೂರು ಕಲ್ಲು ತಗಂಡ್ರೆ ಏರಿ ಬಿದ್ದೋಯ್ತದಾ? ಸುಮ್ಕಿರವ್ವ" ಎಂದ ಕದಿರಪ್ಪ.

ಅವನನ್ನು ನೋಡಿ ಪಕ್ಕದ ಮನೆಯವರು ಮೂರು. ಅವರನ್ನು ನೋಡಿ ಆಚೆ ಮನೆಯವರು ಮೂರು. ಎಲ್ಲರದೂ ಒಂದೇ ಮಾತು, "ಮೂರೇ ಮೂರು!" ಎಳೆಕೂಸಿನ ತಾಯಿ ದ್ಯಾವೀರಮ್ಮನೂ ಮೂರು ಒಯ್ದಳು. ಹನಿ ಹನಿ ಕೂಡಿದರೆ ಹಳ್ಳ ಎನ್ನುವ ಜನಕ್ಕೆ ಇಷ್ಟು ತಿಳಿಯದೇ? ಇಲ್ಲಿಗೆ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಮಳೆಗಾಲ ಬಂತು. ಸಿಪಿಲೆ ಆಗಷ್ಟೇ ಮೊಟ್ಟೆ ಇಟ್ಟಿತ್ತು. ಮಳೆ ಸುರಿಯಿತು, ಸುರಿಯಿತು, ಸುರಿಯುತ್ತಲೇ ಇತ್ತು. ಒಂದು ಮಧ್ಯಾಹ್ನ ಕೆರೆ ಕೂಗಿತು: "ಸಿಪಿಲೇ, ನನ್ ಕೈಲಿ ತಡ್ಕೊಳಕಾಗ್ತಿಲ್ಲ!"

ಸಿಪಿಲೆ ಕಲ್ಲಿಗೆ ಬಾಲ ಒತ್ತಿ ನೋಡಿತು. ಕಲ್ಲು ನಡುಗುತ್ತಿತ್ತು. ಇನ್ನೊಂದಕ್ಕೆ ಒತ್ತಿತು. ಅದೂ ನಡುಗುತ್ತಿತ್ತು!

ಮೊಟ್ಟೆ ಹೊತ್ತೊಯ್ಯಲು ಹಕ್ಕಿಗೆ ಕೈಯಿಲ್ಲ. ಏರಿಯ ಕೆಳಗೆ ದ್ಯಾವೀರಮ್ಮನ ಕೂಸು ತೊಟ್ಟಿಲಲ್ಲಿದೆ. ಸಿಪಿಲೆ ಗೂಡಿನತ್ತ ನೋಡಿತು, ಊರಿನತ್ತ ನೋಡಿತು, ಮತ್ತೆ ಗೂಡಿನತ್ತ ನೋಡಿತು. ಆಮೇಲೆ ಊರಿಗೆ ಹಾರಿತು.

"ಅಕ್ಕಾ, ಕೂಸ್ನ ಎತ್ಕೋ! ಬಂಡೆ ಹತ್ತು!"

"ಮುದ್ದೆ ತೊಳಸ್ತಾ ಇವ್ನಿ ಕಣವ್ವ, ಒಂದ್ ಗಳಿಗೆ..."

ಸಿಪಿಲೆ ಕೂಸಿನ ಅಂಗಾಲನ್ನೇ ಕುಕ್ಕಿತು. ಕೂಸು ಕಿಟಾರನೆ ಕಿರುಚಿತು. ದ್ಯಾವೀರಮ್ಮ ಅದನ್ನು ಬಾಚಿಕೊಂಡು ಕೂಗುತ್ತಾ ಓಡಿದಳು, ಅವಳ ಹಿಂದೆ ಊರೇ ಓಡಿತು. ಎಲ್ಲರೂ ಬಂಡೆ ಹತ್ತುವಷ್ಟರಲ್ಲಿ ಏರಿ ಒಡೆಯಿತು. ಹೊಲ ಹೋಯಿತು, ಮನೆಗಳು ಹೋದವು. ಸಿಪಿಲೆಯ ಮೊಟ್ಟೆಗಳೂ ಹೋದವು. ಪಾಪ, ಅದು ತುಂಬ ಅತ್ತಿತು.

"ಹಾಳು ಮಳೆ!" ಎಂದು ಕದಿರಪ್ಪ ಬೈದ.

"ಹೋದ ವರ್ಸವೂ ಇಷ್ಟೇ ಸುರ್ದಿದ್ದೆ ಕಣಣ್ಣ" ಎಂದಿತು ಮಳೆ. "ಆಗ ಏರೀಲಿ ಕಲ್ಲಿತ್ತು."



ನೀರಿಳಿದ ಮೇಲೆ ಜನ ಏರಿ ಕಟ್ಟಿ, ಒಲೆಗುಂಡುಗಳನ್ನು ಹುಡುಕಿ ತಂದು ಜೋಡಿಸಿದರು. "ಗೂಡು ಕಟ್ಕೊಳ್ಳೇ ನಮ್ಮವ್ವ, ಇನ್ಯಾರೂ ಕೀಳಾಕಿಲ್ಲ" ಎಂದು ದ್ಯಾವೀರಮ್ಮ ಕಣ್ಣೊರೆಸಿಕೊಂಡಳು.

ಸಿಪಿಲೆ ಕಲ್ಲಿನ ಮೇಲೆ ಕೂತು ಬಾಲ ಒತ್ತಿತು. ಗಟ್ಟಿಯಾಗಿತ್ತು. ಆದರೂ ಮತ್ತೆ ಒತ್ತಿತು. ಪಕ್ಕದ ಕಲ್ಲಿಗೆ ಹಾರಿ ಅಲ್ಲಿಯೂ ಒತ್ತಿತು.

ಇವತ್ತಿಗೂ ಕೆರೆಯ ದಡದಲ್ಲಿ ಆ ಕಪ್ಪು-ಬಿಳಿ ಹಕ್ಕಿ ಕಲ್ಲಿಂದ ಕಲ್ಲಿಗೆ ಓಡುತ್ತಾ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ, ಏಕೆಂದರೆ ಅದು ನಮ್ಮನ್ನು ಇನ್ನೂ ನಂಬಿಲ್ಲ.