ಹತ್ತಿ ಲಾರಿಯ ಎತ್ತರ

"ಅಪ್ಪಾವರ, ಅಳತಿ ಎಲ್ಲಾ ಸರಿ ಇದ್ದೂ ಕೆಡಕಾದ್ರ, ಅಳದಾವನ ತಪ್ಪು ಏನು?"

ಕೇಳಿದವನು ಮಠದ ಶಿಷ್ಯ ಮರುಳಪ್ಪ. ಪ್ರಸಾದ ನಿಲಯದ ಮಾಡು ಎತ್ತರಿಸುವ ಕೆಲಸ ಅವನ ಉಸ್ತುವಾರಿಯಲ್ಲಿ ನಡೆದಿತ್ತು. ಹಿಂದಿನ ದಿನ, ನಿಂತು ಕೆಲಸ ಮಾಡಲು ಗೋಡೆಗೆ ಕಟ್ಟಿದ್ದ ಸಾರುವೆ ಕುಸಿದು ಕೂಲಿಯವನೊಬ್ಬ ಬಿದ್ದಿದ್ದ. ಅವನ ಸೊಂಟ ಮುರಿದಿತ್ತು. ಗಳುಗಳ ದಪ್ಪ, ಹಗ್ಗದ ಸುತ್ತು ಎಲ್ಲವನ್ನೂ ತಾನೇ ನೋಡಿದ್ದೆ ಎಂದು ಮರುಳಪ್ಪ ಬೆಳಗಿನಿಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಗುರುಗಳ ಮುಂದೆಯೂ ಅದನ್ನೇ ಹೇಳಿದ. ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಡ್ರೈವರ್ ಇದ್ದ. ಹನ್ನೆರಡು ವರ್ಷ ಕ್ಲೀನರ್ ಆಗಿ ಲಾರಿ ಒರೆಸಿ, ಬೈಗುಳ ತಿಂದು, ಅಂತೂ ಲೈಸೆನ್ಸ್ ಪಡೆದವನು. ಸ್ಟಿಯರಿಂಗ್ ಕೈಗೆ ಬಂದು ಇಪ್ಪತ್ತು ದಿನವಾಗಿತ್ತು. ಅವನು ಹೊಲಗಳಿಂದ ಮಿಲ್ಲಿಗೆ ಹತ್ತಿ ಸಾಗಿಸುತ್ತಿದ್ದ. ದಾರಿಯಲ್ಲಿ ಒಂದು ರೈಲು ಸೇತುವೆ. ಅದರ ಅಡಿಯಲ್ಲಿ ಹದಿನಾಲ್ಕು ಅಡಿಗಿಂತ ಎತ್ತರದ್ದು ಯಾವುದೂ ಹೋಗುವಂತಿರಲಿಲ್ಲ. ಇವನಿಗಿಂತ ಮೊದಲಿದ್ದ ಡ್ರೈವರ್ ಕಣ್ಣಂದಾಜಿನಲ್ಲಿ ನುಗ್ಗಿಸಿ ಲಾರಿಯ ನೆತ್ತಿ ಜಜ್ಜಿಕೊಂಡಿದ್ದ. ಮಾಲೀಕ ಅವನನ್ನು ಅಲ್ಲೇ ಇಳಿಸಿ ಮನೆಗೆ ಕಳಿಸಿದ್ದ. ಲಾರಿಗೆ ಒಂದು ಗೀರು ಬಿದ್ದರೂ ನಿನಗೂ ಅದೇ ಗತಿ ಎಂದು ಹೊಸಬನಿಗೆ ಹೇಳಿಯೂ ಆಗಿತ್ತು.

ಆದ್ದರಿಂದ ಈತ ಕಣ್ಣನ್ನು ನಂಬಲಿಲ್ಲ. ಅಳೆಯುವುದನ್ನು ಕಲಿತ. ಲಾರಿಯನ್ನು ಸಮನೆಲದಲ್ಲಿ ನಿಲ್ಲಿಸುತ್ತಿದ್ದ. ಚಕ್ರಗಳ ಗಾಳಿ ನೋಡುತ್ತಿದ್ದ. ಹೇರಿನ ನೆತ್ತಿಯ ಮೇಲೆ ಬಿದಿರನ್ನು ಅಡ್ಡ ಇಡಿಸಿ, ಅದರ ತುದಿಯಿಂದ ಕಲ್ಲು ಕಟ್ಟಿದ ದಾರವನ್ನು ನೆಲದವರೆಗೆ ಇಳಿಬಿಟ್ಟು, ಆ ದಾರಕ್ಕೆ ಟೇಪು ಹಿಡಿಯುತ್ತಿದ್ದ. ಹಳೆಯ ಡ್ರೈವರುಗಳು ನಕ್ಕರು. ಹೆಣ್ಣು ನೋಡಲು ಹೋದಾಗಲೂ ಹೀಗೇ ಅಳೆದೆಯೇನೋ ಎಂದು ಕಾಲೆಳೆದರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಅಳೆದದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ.

ಬಿಡಿ ಹತ್ತಿಯ ಸ್ವಭಾವ ನಿನಗೆ ಗೊತ್ತು. ಸುರಿದಷ್ಟೂ ಮೇಲೇಳುತ್ತದೆ. ಅದನ್ನು ತಗ್ಗಿಸಲು ಹೆಂಗಸರು ಲಾರಿಯ ಮೇಲೇರಿ ಕಾಲಿನಿಂದ ತುಳಿಯಬೇಕು. ಮೇಲೆ ಭಾರ ಇರುವಷ್ಟು ಹೊತ್ತು ತಗ್ಗಿರುತ್ತದೆ, ಭಾರ ಇಳಿದರೆ ಮತ್ತೆ ಉಬ್ಬುತ್ತದೆ.

ಆ ದಿನ ಮೊದಲ ಅಳತೆಗೆ ಹದಿನಾಲ್ಕು ಅಡಿ ಮೂರು ಇಂಚು ಬಂತು. ಅವನು ಇನ್ನೊಮ್ಮೆ ತುಳಿಯಲು ಹೇಳಿದ. ತುಳಿದರು. ಬಿದಿರಿಗೆ ಜಾಗ ಬಿಟ್ಟು ಹೆಂಗಸರು ಪಕ್ಕಕ್ಕೆ ಸರಿದು ನಿಂತರು. ಅದರ ಒಂದು ತುದಿಯನ್ನು ಅವರಲ್ಲಿ ಹಿರಿಯಳೇ ಹಿಡಿದುಕೊಂಡಳು. ಈಗ ಹದಿಮೂರು ಅಡಿ ಎಂಟು ಇಂಚು. ಅವನಿಗೆ ಹೋದ ಜೀವ ಬಂದಂತಾಯಿತು. ಬಲೆ ಹೊದಿಸಿ ಹಗ್ಗ ಬಿಗಿದ. ಹಿರಿಯ ಹೆಂಗಸು ಇಳಿಯಲು ಕಾಲು ಚಾಚಿದಳು.

"ಅಕ್ಕಾ, ಯಾರೂ ಇಳೀಬ್ಯಾಡ್ರಿ. ನೀವು ಇಳಿದ್ರ ಹತ್ತಿ ಉಬ್ಬತೈತಿ. ಮಿಲ್ಲಿನ ತನಕಾ ಮ್ಯಾಲೇ ಕುಂದರ್ರಿ."

"ಸೇತುವಿ ಬರತೈತಲ್ಲೋ ತಮ್ಮಾ?"

"ಅಳದೀನಿ ಅಕ್ಕಾ. ನಾಕಿಂಚು ಜಾಗಾ ಐತಿ."

ಟೇಪು ಹಿಡಿದವನ ಮಾತು. ಅವಳು ನಂಬಿ ಕುಳಿತಳು. ಎದುರು ಗಾಳಿಯ ಧೂಳು ಕಣ್ಣಿಗೆ ಬೀಳದಿರಲೆಂದು ಎಲ್ಲರೂ ಹಿಂದಕ್ಕೆ ಮುಖ ಮಾಡಿಕೊಂಡರು.

ಅವನು ದುಷ್ಟನಾಗಿರಲಿಲ್ಲ. ಅವರನ್ನು ಅಕ್ಕಾ ಎಂದೇ ಕರೆಯುತ್ತಿದ್ದ. ಆದರೆ ಮೇಲಿದ್ದವರು ಆ ಹೊತ್ತಿಗೆ ಅವನ ಪಾಲಿಗೆ ಹತ್ತಿಯನ್ನು ಅದುಮಿ ಹಿಡಿಯುವ ತೂಕವಾಗಿದ್ದರು. ತೂಕಕ್ಕೂ ತಲೆಯಿದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಸೇತುವೆ ಬಂತು. ಉಜ್ಜುವ ಸದ್ದಿಗೆ ಕಿವಿಗೊಟ್ಟು ಅವನು ಲಾರಿ ನುಗ್ಗಿಸಿದ. ಉಜ್ಜಲಿಲ್ಲ. ಆಚೆ ಬದಿಗೆ ಬಂದಾಗ ಖುಷಿಯಿಂದ ಸ್ಟಿಯರಿಂಗ್ ತಟ್ಟಿದ. ಹಿಂದಿನಿಂದ ಜನ ಕೂಗಿದ್ದು ಕೇಳಿ ನಿಲ್ಲಿಸಿ ಇಳಿದ. ಇಳಿದವನು ಮೊದಲು ನೋಡಿದ್ದು ಲಾರಿಯ ನೆತ್ತಿಯನ್ನು. ಒಂದು ಗೀರೂ ಇರಲಿಲ್ಲ. ಆಮೇಲೆ ಹಿಂದೆ ತಿರುಗಿ ನೋಡಿದ.

ಸೇತುವೆಗೆ ಬಡಿದು ಬಿದ್ದವರ ಸೆಳೆತಕ್ಕೆ ಬಲೆ ಹರಿದು ಅರ್ಧ ಹತ್ತಿ ರಸ್ತೆಗೆ ಸುರಿದಿತ್ತು. ಇಬ್ಬರು ಹೆಂಗಸರು ಸತ್ತು ಬಿದ್ದಿದ್ದರು. ಇನ್ನೊಬ್ಬಳಿಗೆ ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಮೇಲೆ ಎಷ್ಟು ಮಂದಿ ಇದ್ದರು ಎಂದು ಜನ ಕೇಳಿದರು. ಅವನು ಎಣಿಸಿರಲಿಲ್ಲ. ಎತ್ತರ ಕೇಳಿದ್ದರೆ ಇಂಚಿನ ಸಮೇತ ಹೇಳುತ್ತಿದ್ದ. ಕಣ್ಣೆದುರು ಮೂವರು ಇದ್ದರಲ್ಲ, ಮೂವರು ಎಂದುಬಿಟ್ಟ. ಮೂವರನ್ನೂ ಎತ್ತಿಕೊಂಡು ಹೋದರು. ದಾರಿ ಬಿಡಿಸಲೆಂದು ಹತ್ತಿಯ ರಾಶಿಯನ್ನು ಬದಿಗೆ ನೂಕಿದರು.

ಸಂಜೆ ಮಿಲ್ಲಿನ ಆಳುಗಳು ಬಂದು ಆ ರಾಶಿಯನ್ನು ಎತ್ತುವಾಗ ಹಿರಿಯ ಹೆಂಗಸು ಸಿಕ್ಕಳು. ಮೈಮೇಲೆ ಒಂದು ಗಾಯವೂ ಇರಲಿಲ್ಲ. ಹತ್ತಿಯ ಅಡಿಯಲ್ಲಿ ಉಸಿರುಕಟ್ಟಿ ಸತ್ತಿದ್ದಳು. ಕೂಡಲೇ ಹುಡುಕಿದ್ದರೆ ಬದುಕುತ್ತಿದ್ದಳು ಎಂದು ಡಾಕ್ಟರು ಹೇಳಿದರು.

ಪೊಲೀಸರ ಮುಂದೆ ಡ್ರೈವರ್ ಹೇಳಿದ್ದು ಒಂದೇ ಮಾತು: "ಹದಿಮೂರು ಅಡಿ ಎಂಟಿಂಚು ಸಾಹೇಬ್ರ, ಎರಡು ಸಲ ಅಳದೀನಿ." ಎದೆ ಬಡಿದುಕೊಂಡು ಅತ್ತ, ಅಳುತ್ತಲೇ ಅದನ್ನೇ ಹೇಳಿದ. ಅವನು ಸುಳ್ಳು ಹೇಳುತ್ತಿರಲಿಲ್ಲ. ನನಗೆ ಭಯವಾಗುವುದು ಅಲ್ಲೇ.

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪನ ಮುಖ ಹಗುರಾಯಿತು.

"ಅವಾ ಮಂದಿನ್ನ ಎಣಿಸಬೇಕಾಗಿತ್ತು, ಅಪ್ಪಾವರ. ನಾ ಎಣಿಸೀನಿ. ಸಾರುವಿ ಮ್ಯಾಲ ಆರು ಮಂದಿ ಇದ್ರು. ಬಿದ್ದಾಂವಾ ಒಬ್ಬನ."

"ಬಿದ್ದಾವನ ಹೆಸರೇನು, ಮರುಳಪ್ಪ?"

ಮರುಳಪ್ಪನಿಗೆ ಗೊತ್ತಿರಲಿಲ್ಲ.