ಮಲಕಾಜಪ್ಪನ ಜೋಳವೂ ಅಜ್ಜನವರ ಪ್ರಶ್ನೆಯೂ

ಡೋಣಿ ಹೊಳೆಯ ದಂಡೆಯಲ್ಲಿರುವ ನಮ್ಮೂರು ತೆಗ್ಗಿನಹಾಳದಲ್ಲಿ ಪೂಜ್ಯ ಗುರುಶಾಂತ ಅಜ್ಜನವರ ಮಠವೆಂದರೆ ಮಣ್ಣಿನ ಮಾಳಿಗೆಯ ಎರಡು ಅಂಕಣ, ಅಷ್ಟೆ. ಬೇರೆ ಊರುಗಳಲ್ಲಿ ಹಾಲುಗಲ್ಲಿನ ಮಠಗಳಿವೆ, ಇರಲಿ ಬಿಡಿ. ಅಂಥ ಮಹಾತ್ಮರು ಒಲಿದು ಬಂದದ್ದು ಮಾತ್ರ ನಮ್ಮೂರಿಗೆ. ಜೋಳದ ಮಾತಿಗೆ ಬಂದರೂ ನಮ್ಮದೇ ಮೇಲುಗೈ. ಮಲಕಾಜಪ್ಪನ ಜೋಳದ ರೊಟ್ಟಿ ತಿನ್ನದವರು ನನ್ನ ಮುಂದೆ ರೊಟ್ಟಿಯ ಸುದ್ದಿ ಎತ್ತಲೇಬಾರದು. ಆದರೆ ಅದೇ ಜೋಳದ ಈ ಪ್ರಸಂಗ ಬರೆಯಲು ಕೂತರೆ ಎದೆ ಭಾರವಾಗುತ್ತದೆ. ಅಂದು ಮಠದಲ್ಲಿದ್ದು ಕಣ್ಣಾರೆ ಕಂಡ ನಮ್ಮಜ್ಜಿ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಅಂದು ಶ್ರಾವಣದ ಪುರಾಣ ಮಂಗಲ. ತೆನೆಯನ್ನು ಕರಿಪುಡಿ ಮಾಡುವ ಕಾಡಿಗೆ ರೋಗ ತಗಲದ, ಮುತ್ತಿನಂಥ ಕಾಳಿನ ತಳಿ ತಂದವರೆಂದು ಸುತ್ತಲಿನ ಊರುಗಳ ರೈತರು ಕೂಡಿ ಮಲಕಾಜಪ್ಪನವರಿಗೆ ಮಠದಲ್ಲಿ ಜರಿಯ ರುಮಾಲು ಸುತ್ತಿದ್ದರು. ಅವರ ಹೆಂಡತಿ ದಾಸೋಹದಲ್ಲಿ ರೊಟ್ಟಿ ಬಡಿಯುತ್ತಿದ್ದರು.

ಅಜ್ಜನವರು ಪ್ರಸಾದಕ್ಕೆ ಕುಳಿತು ರೊಟ್ಟಿ ಮುರಿದರು. ಬಡಿಸಲು ಬಂದ ಆ ತಾಯಿಯನ್ನೇ ಕೇಳಿದರು: "ಭಾಳ ಮಿದು ಐತಿ. ಎಲ್ಲಿಂದ ಬಂತವ್ವಾ ಈ ಬೀಜ?"

"ನಾನ ಆರಿಸಿದ್ದುರಿ ಅಜ್ಜಾರ. ಕೊಯ್ಯೂಕಿಂತ ಮೊದಲ ಹೊಲದಾಗ ಅಡ್ಡಾಡಿ, ರೋಗ ಮುಟ್ಟದ ತೆನಿ, ಗಾಳಿಗೆ ಬೀಳದ ದಂಟು ನೋಡಿ ಸೀರಿ ಚಿಂದಿ ಕಟ್ಟತಿದ್ದೆ. ಅದರ ಕಾಳ ಬ್ಯಾರೆ ಇಟ್ಟು ಬಿತ್ತಸ್ತಿದ್ದೆ. ಮದುವಿಯಾಗಿ ಬಂದಾಗ ಹಿಡದ ಕೆಲಸ, ಈಗ ಮೊಮ್ಮಕ್ಕಳು ಬಂದ್ರು."

"ಏನಂತ ಕರೀತೀ ಇದನ್ನ?"

ಆ ತಾಯಿ ಸೆರಗನ್ನು ಬಾಯಿಗೆ ಹಿಡಿದು ತಲೆ ತಗ್ಗಿಸಿದರು. ಪಕ್ಕದ ಹೆಂಗಸರು ಕಿಸಕ್ಕನೆ ನಕ್ಕರು.

"ಆಕಿ ಹೆಂಗ ಹೇಳ್ಯಾಳ್ರಿ ಅಜ್ಜಾರ! ಗಂಡನ ಹೆಸರಲ್ಲೇನ್ರಿ ಅದು? ಸಂತಿಗೆ ಹೋದ್ರೂ 'ಅವರ ಜೋಳ' ಅಂತಾಳ!"

ಮಠವೆಲ್ಲ ನಕ್ಕಿತು. ಮಲಕಾಜಪ್ಪನವರೂ ಮೀಸೆಯೊಳಗೇ ನಕ್ಕರು. ಅಜ್ಜನವರು ನಗಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದರು.

"ಮಲಕಾಜಪ್ಪಾ, ಹೆತ್ತಾಕಿಗೇ ಕರಿಯಾಕ ಬರದಂಥ ಹೆಸರು ಇಟ್ಟೀಯಲ್ಲೋ ಕೂಸಿಗೆ."

"ನಾ ಇಟ್ಟಿಲ್ರಿ ಅಜ್ಜಾರ, ಮಂದಿ ಇಟ್ರು. ಸಂತಿಗೆ ಹೊತ್ತು ಮಾರಿದಾವ ನಾನಲ್ರಿ?"

"ಮಂದಿ ಇಟ್ಟಾಗ ನೀ ಏನಂದಿ?"

ಏನೂ ಅಂದಿರಲಿಲ್ಲ. ಹತ್ತೂರ ಸಂತೆಯಲ್ಲಿ ಗಂಟಲು ಹರಿಯುವಂತೆ ಕೂಗುವ ಆ ಮನುಷ್ಯ ಎದ್ದು ನಿಂತರು. ಜರಿಯ ರುಮಾಲು ಬಿಚ್ಚಿ ಗುರುಗಳ ಪಾದದ ಬಳಿ ಇಟ್ಟರು. "ಈಕಿ ಹೆಸರು ನೀಲಗಂಗವ್ವ. ಜೋಳ ಈಕಿದು," ಎಂದರು. ಅಲ್ಲಿಯವರೆಗೆ ಮಲಕಾಜಪ್ಪನ ಹೆಣ್ತಿಯಾಗಿದ್ದ ಆ ತಾಯಿಗೆ ಒಂದು ಹೆಸರಿದೆಯೆಂದು ಅರ್ಧ ಊರಿಗೆ ಗೊತ್ತಾದದ್ದೇ ಅಂದು.

ಅಂದಿನಿಂದ ಮಲಕಾಜಪ್ಪನವರು ಸಂತೆಯಲ್ಲಿ "ನೀಲಗಂಗವ್ವನ ಜೋಳ!" ಎಂದೇ ಕೂಗತೊಡಗಿದರು. ಕೊಳ್ಳುವವರಿಗೆ ತಮಾಷೆ.

"ಯಾರ್ರೀ ಕಾಕಾ ಆ ನೀಲಗಂಗವ್ವ?"

"ನನ್ನ ಹೆಣ್ತಿ."

"ಹಂಗಾದ್ರ ನಿಮ್ಮದ ಆತಲ್ಲ! ಅಳೀರಿ, ಅಳೀರಿ, ಮಲಕಾಜಪ್ಪನ ಜೋಳ ಒಂದ ಪಡಿ."

ಸೋತು ಬಂದು ಅಜ್ಜನವರ ಮುಂದೆ ಮಗುವಿನಂತೆ ಅತ್ತರು. "ಯಾರೂ ಕೇಳವಲ್ರರಿ ಅಜ್ಜಾರ. ತಡಾ ಮಾಡಿಬಿಟ್ಟೆ."

ಅಜ್ಜನವರು ಸಮಾಧಾನದ ಮಾತೇನೂ ಆಡಲಿಲ್ಲ. "ನೀ ಹೇಳೂದು ಬಿಡಬ್ಯಾಡ," ಎಂದಷ್ಟೇ ಅಪ್ಪಣೆ ಕೊಡಿಸಿದರು.

ಮಲಕಾಜಪ್ಪನವರು ಉಸಿರಿರುವತನಕ ಬಿಡಲಿಲ್ಲ. ಮಂದಿ ಹೆಂಡತಿಯ ಗುಲಾಮನೆಂದರು, ಅರಳುಮರಳೆಂದರು; ಅವರು ಅನ್ನುವುದನ್ನೇ ಅಂದರು. ಆದರೆ ಅವರ ಜೊತೆಗೇ ಆ ಕೂಗೂ ಮಣ್ಣಾಯಿತು. ನೀಲಗಂಗವ್ವ ಅವರ ಹಿಂದೆ ಬಹಳ ವರ್ಷ ಬದುಕಿದರು. ಬಿತ್ತಿಗೆಯ ಹೊತ್ತಿಗೆ ಬೀಜಕ್ಕೆ ಬಂದವರು ಅಂಗಳದಲ್ಲಿ ನಿಂತು, "ಯವ್ವಾ, ಮಲಕಾಜಪ್ಪನ ಜೋಳ ಐತೇನು?" ಎಂದು ಕೇಳುತ್ತಿದ್ದರು. ಆ ತಾಯಿ "ಐತಿ" ಎಂದು ಒಳಗೆ ಹೋಗಿ, ಅಳೆದು ಕೊಡುತ್ತಿದ್ದರು.