ಸಣ್ಣಸ್ವಾಮಿ ಪುಸ್ತಕಗಳಿಗೆ ಬಿಡುಗಡೆ ಕೊಟ್ಟದ್ದು

ಕತೆ ಕೇಳೋರು ನಡುನಡುವೆ ಹೂಂ ಅನ್ನಬೇಕು. ನೀವು ಹೂಂ ಅನ್ನೋದು ನಿಲ್ಲಿಸಿದರೆ ನಾನೂ ನಿಲ್ಲಿಸಿಬಿಡ್ತೀನಿ, ಆಮೇಲೆ ಸಣ್ಣಸ್ವಾಮಿ ಏನಾದ ಅಂತ ನನ್ನ ಹಿಂದೆ ಬರಬೇಡಿ.

ಹೊಂಬಾಳಮ್ಮ ಅಂತ ಒಬ್ಬಳು. ಬಸ್ ಸ್ಟ್ಯಾಂಡಿನ ಎದುರಿಗಿರೋ ಸಾರ್ವಜನಿಕ ಗ್ರಂಥಾಲಯದಲ್ಲಿ ಹತ್ತೊಂಬತ್ತು ವರ್ಷ ಕಸ ಗುಡಿಸಿದಳು, ನೆಲ ಒರೆಸಿದಳು, ಕಪಾಟಿನ ಧೂಳು ಹೊಡೆದಳು. ಗುಡಿಸೀ ಗುಡಿಸೀ ಮಂಡಿ ಸವೆದುಹೋಯ್ತು. ಅವಳಿಗೆ ಒಬ್ಬನೇ ಮಗ, ಸಣ್ಣಸ್ವಾಮಿ. ಹೆಸರು ಸಣ್ಣ, ಆಳು ಬಾಗಿಲ ಎತ್ತರ. ವಯಸ್ಸು ಮೂವತ್ತೆರಡು. ಕಳ್ಳ ಅಲ್ಲ, ಕುಡುಕ ಅಲ್ಲ, ಸೋಮಾರಿ ಅಂತೂ ಅಲ್ಲವೇ ಅಲ್ಲ. ಹೇಳಿದ್ದು ಮಾಡ್ತಾನೆ. ಹೇಳಿದ್ದನ್ನೇ ಮಾಡ್ತಾನೆ. ಅದೇ ಅವಳ ಕರ್ಮ! ‘ಒಣಗೋಕೆ ಹಾಕಿರೋ ರಾಗಿ ಮೇಲೆ ಒಂದು ಕಣ್ಣಿಟ್ಟಿರ್ಲಾ’ ಅಂದು ಅವಳು ನೀರಿಗೆ ಹೋಗಿ ಬಂದರೆ, ಇವನು ಬೋರಲು ಮಲಗಿ, ರಾಗಿಗೆ ಒಂದು ಕಣ್ಣು ಒತ್ತಿಕೊಂಡಿದ್ದ. ಅವನ ಬೆನ್ನ ಮೇಲೆ ನಿಂತು ಕೋಳಿಗಳು ಮೇಯ್ತಿದ್ದವು.

ಹೊಂಬಾಳಮ್ಮನಿಗೆ ಸಿಟ್ಟು ಅಂದರೆ ಸಿಟ್ಟು. ಎದ್ದರೆ ಮಗನ ಮೇಲೆ ಸಿಟ್ಟು, ಇಂಥಾ ಮಗನ್ನ ತನ್ನ ಮಡಿಲಿಗೆ ಹಾಕಿ ಕಣ್ಣು ಮುಚ್ಚಿಕೊಂಡ ಗಂಡನ ಮೇಲೆ ಸಿಟ್ಟು, ಬೇಲಿ ಮೇಲೆ ಕತ್ತು ಚಾಚಿ ನಗೋ ನೆರೆಯವರ ಮೇಲೆ ಸಿಟ್ಟು. ಆ ಸಿಟ್ಟಿನ ಅಡಿಯಲ್ಲಿ ಒಂದು ದಿಗಿಲು. ನಾನು ಹೋದ ಮೇಲೆ ಇವನಿಗೆ ಯಾರು ಅನ್ನ ಹಾಕ್ತಾರೆ?

ಒಂದು ದಿನ ಕುಂಟ್ಕೊಂಡೇ ಹೋಗಿ ಲೈಬ್ರರಿಯ ಫರೀದಾ ಮೇಡಮ್ಮೋರ ಮುಂದೆ ನಿಂತಳು. “ಮೇಡಮ್ಮೋರೆ, ನನ್ನ ಕೈಲಿ ಇನ್ನಾಗಲ್ಲ. ನನ್ನ ಜಾಗಕ್ಕೆ ನನ್ನ ಮಗನ್ನ ಹಾಕ್ಕೊಳಿ.”

ಫರೀದಾ ಮೇಡಮ್ಮೋರೂ ಸಿಟ್ಟಿನ ಹೆಂಗಸೇ. ಕನ್ನಡಕ ತೆಗೆದರು, ಅವನನ್ನ ಮೇಲಿಂದ ಕೆಳಗೆ ನೋಡಿದರು. “ಒಂದು ತಿಂಗಳು ನೋಡ್ತೀನಿ. ಆಮೇಲೆ ಹೇಳ್ತೀನಿ” ಅಂದರು.

ಮೊದಲನೇ ದಿನ ಮೇಡಮ್ಮೋರು ಹೇಳಿದರು: “ನೋಡು ಸಣ್ಣಸ್ವಾಮಿ, ಇದು ಲೈಬ್ರರಿ. ಇಲ್ಲಿ ಯಾರೂ ಮಾತಾಡಬಾರದು. ಯಾರು ಬಾಯಿ ತೆಗೀತಾರೋ ಅವರನ್ನ ಆಚೆಗೆ ಕಳಿಸು.”

“ಆಗ್ಲಿ ಮೇಡಮ್ಮೋರೆ!”

ಸಾಯಂಕಾಲ ಆರಕ್ಕೆ ದೊಡ್ಡೋರ ಅಕ್ಷರದ ಕ್ಲಾಸು. ಹೂ ಮಾರೋಳು, ಗಾರೆ ಕೆಲಸದೋನು, ಆಟೋ ಓಡಿಸೋನು, ಎಲ್ಲಾ ಸೇರಿ ಇಪ್ಪತ್ತು ಜನ. ಪಾಠ ಹೇಳೋರು ಡಾಕ್ಟರ್ ನಂಜರಾಜಯ್ಯ, ರಿಟೈರಾದ ದನದ ಡಾಕ್ಟ್ರು. ಎತ್ತು ಎಮ್ಮೆಗೆ ಸೂಜಿ ಚುಚ್ಚೋ ಕೆಲಸ ಮುಗಿದ ಮೇಲೆ ಲೈಬ್ರರಿಯ ಕ್ಲಾಸು, ಕೂಟ, ಸಭೆ ಎಲ್ಲಕ್ಕೂ ಅವರೇ ಮುಂದು.

“ಎಲ್ಲರೂ ಜೋರಾಗಿ ಹೇಳಿ! ಅ!” ಅಂದರು ಡಾಕ್ಟ್ರು.

“ಅ!” ಅಂದರು ಇಪ್ಪತ್ತು ಜನ.

ಸಣ್ಣಸ್ವಾಮಿ ಎದ್ದ. ಹೂ ಮಾರೋಳನ್ನ ಆಚೆಗೆ ಕಳಿಸಿದ. ಗಾರೆಯವನನ್ನ ಆಚೆಗೆ ಕಳಿಸಿದ. ಆಟೋದವನು ಬರಲ್ಲ ಅಂದದ್ದಕ್ಕೆ ಅವನನ್ನ ಕುರ್ಚಿ ಸಮೇತ ಎತ್ತಿ ಆಚೆಗೆ ಇಟ್ಟ. ಡಾಕ್ಟ್ರನ್ನೂ ಸೀಮೆಸುಣ್ಣದ ಸಮೇತ ಆಚೆಗೆ ಕಳಿಸಿದ. ಮೇಡಮ್ಮೋರು ಓಡಿಬಂದು “ಏನೋ ಇದು?” ಅಂದರು.

“ನೀವೂ ಬಾಯಿ ತೆಗೆದ್ರಿ” ಅಂತ ಅವರನ್ನೂ ಆಚೆಗೆ ಕಳಿಸಿ ಬಾಗಿಲು ಹಾಕಿಕೊಂಡ!

ಬಾಗಿಲು ಬಡಿದೂ ಬಡಿದೂ ಒಳಗೆ ಬಂದ ಮೇಲೆ ಮೇಡಮ್ಮೋರ ಮುಖ ಕೆಂಡ. “ಅಯ್ಯೋ ಮುಠ್ಠಾಳ! ಅವರು ಕಲಿಯೋಕೆ ಬಂದೋರು ಕಣೋ! ಪೆನ್ನು ಹಿಡಿದು ಬರೆಯೋಕೆ ತಿಳೀದೆ ಸುಮ್ಮನೆ ಕೂತಿದ್ದರೆ, ಅವರ ಕೈ ಹಿಡಿದು ತಿದ್ದಿಸಬೇಕು!”

ಮನೆಯಲ್ಲಿ ಹೊಂಬಾಳಮ್ಮ ಕಿವಿ ಹಿಂಡಿದಳು. “ಥೂ ನಿನ್ನ! ಕೈ ಹಿಡಿದು ತಿದ್ದಿಸ್ಬೇಕಂತೆ! ನೆಪ್ಪಿಟ್ಕೋ!”

“ನೆಪ್ಪಿಟ್ಕೊಂಡೆ ಕಣವ್ವ!”

ನೆಪ್ಪಿಟ್ಟುಕೊಂಡೇ ಇದ್ದ. ಆ ವಾರ ಓದುಗರ ಕೂಟ ಶುರುವಾಯ್ತು. ಕುರ್ಚಿ ಹಾಕಿದ್ದರು, ಮೈಕು ಕಟ್ಟಿದ್ದರು. ಅಧ್ಯಕ್ಷರು ನಂಜರಾಜಯ್ಯನವರೇ. ಮೇಡಮ್ಮೋರು ಅಭಿಪ್ರಾಯದ ಪುಸ್ತಕ ಮುಂದಿಟ್ಟು “ಎರಡು ಮಾತು ಬರೀರಿ ಸಾರ್” ಅಂದರು. ಡಾಕ್ಟ್ರು ಪೆನ್ನು ಹಿಡಿದರು. ಚೆಂದದ ಮಾತೊಂದು ಹೊಳೀಲಿ ಅಂತ ಸೂರು ನೋಡ್ತಾ ಕೂತರು.

ಪೆನ್ನು ಹಿಡಿದವರೆ. ಸುಮ್ಮನೆ ಕೂತವರೆ. ಸಣ್ಣಸ್ವಾಮಿಯ ಎದೆ ಮರುಗಿತು. ಪಾಪ, ಇಷ್ಟು ವಯಸ್ಸಾದರೂ ಬರೆಯೋಕೆ ಬರಲ್ವಲ್ಲ! ಹಿಂದಿನಿಂದ ಹೋಗಿ ಅವರ ಕೈ ಹಿಡಿದ. “ಅ ಬರೀರಿ. ಹೆದರ್ಕೋಬೇಡಿ, ನಾನಿವ್ನಿ. ಹೊಟ್ಟೆ ದುಂಡಗೆ ಬರ್ಲಿ, ದುಂಡಗೆ!”

“ಬಿಡೋ! ಬಿಡೋ ಕೈ!”

“ಮೊದಮೊದಲು ಹಂಗೇ ಆಗೋದು. ಇನ್ನೊಂದು ಅ!”

ಅವನಿಗೆ ಬರ್ತಿದ್ದದ್ದೇ ಅದೊಂದಕ್ಷರ. ಪುಟದ ತುಂಬಾ ಬರೆಸಿದ. ಸಭೆ ಹೊಟ್ಟೆ ಹಿಡಿದು ನಕ್ಕಿತು. ಡಾಕ್ಟ್ರು ಕೆಂಪಗಾಗಿ, ಮೈಕು ಆನ್ ಆಗಿರೋದನ್ನೂ ಮರೆತು ಬೈದರು. ಆ ಬೈಗುಳ ಬಸ್ ಸ್ಟ್ಯಾಂಡಿಗೂ ಕೇಳಿಸಿತು, ಅಲ್ಲಿ ಕಲ್ಲಿನ ಮೇಲೆ ಕೂತು ಕಾಯ್ತಿದ್ದ ಹೊಂಬಾಳಮ್ಮನಿಗೂ ಕೇಳಿಸಿತು.

ಮಗ ಆಚೆ ಬಂದದ್ದೇ ತಡ, ಬೆನ್ನ ಮೇಲೆ ಗುದ್ದಿದಳು. “ನಿನ್ನ ಬುದ್ಧಿಗಿಷ್ಟು ಮಣ್ಣು ಹಾಕ! ದೊಡ್ಡೋರ ಮೈ ಮುಟ್ತಾರೇನ್ಲಾ? ದೊಡ್ಡೋರ್ನ ಕಂಡರೆ ಮಾರು ದೂರ ನಿಂತು ಕೈ ಮುಗೀಬೇಕು! ಮುಟ್ಟಕೂಡದು!”

“ಮುಟ್ಟಲ್ಲ ಕಣವ್ವ!”

ಮುಟ್ಟಲಿಲ್ಲ. ನಾಲ್ಕೇ ದಿನಕ್ಕೆ ಡಾಕ್ಟ್ರು ಮೇಲಿನ ಖಾನೆಯ ಪುಸ್ತಕಕ್ಕೆ ಏಣಿ ಹತ್ತಿದರು. ಏಣಿ ಜಾರಿತು. ಡಾಕ್ಟ್ರು ಎರಡು ಕೈಯಲ್ಲಿ ಕಪಾಟು ಹಿಡಿದು ಬಾವಲಿ ಹಂಗೆ ನೇತಾಡಿದರು. “ಸಣ್ಣಸ್ವಾಮೀ! ಬೀಳ್ತೀನೋ! ಹಿಡ್ಕೊಳ್ಳೋ!”

ಸಣ್ಣಸ್ವಾಮಿ ಓಡಿಬಂದ. ಬಂದವನು ಎರಡೂ ಕೈ ಚಾಚಿ ಒಂದು ಮಾರು ಅಳೆದ. ಸ್ವಲ್ಪ ಹತ್ತಿರ ಆಯ್ತು ಅನ್ನಿಸಿ ಒಂದು ಹೆಜ್ಜೆ ಹಿಂದಕ್ಕೆ ಹೋದ. ಭಕ್ತಿಯಿಂದ ಕೈಮುಗಿದ.

“ಕೈಮುಗೀತಾ ನಿಂತಿದ್ದೀಯಲ್ಲೋ, ಹಿಡ್ಕೊಳ್ಳೋ!”

“ಇಲ್ಲಾ ಬುದ್ಧಿ. ಮುಟ್ಟಕೂಡದು.”

ದೊಪ್ಪನೆ ಬಿದ್ದರು. ಸೊಂಟ ಉಳುಕಿತು. ಸಣ್ಣಸ್ವಾಮಿ ಮುಗಿದ ಕೈ ಇಳಿಸಲಿಲ್ಲ.

ಮೇಡಮ್ಮೋರು ಕೂಗಾಡಿದರು: “ಮನುಷ್ಯನೋ, ಕಲ್ಲೋ ನೀನು? ನೆಲದ ಮೇಲೆ ಮನುಷ್ಯ ಬಿದ್ದಿದ್ದು ಕಂಡರೆ ಮುಖಕ್ಕೆ ನೀರು ಹೊಡೀಬೇಕು, ಎತ್ತಿಕೊಂಡು ಆಚೆ ಗಾಳಿಗೆ ತರಬೇಕು! ತಿಳೀತಾ?”

“ತಿಳೀತು ಮೇಡಮ್ಮೋರೆ! ನೀರು, ಆಮೇಲೆ ಗಾಳಿ.”

ಹೂಂ ಅನ್ನಿ, ನಿದ್ದೆ ಹೋದಿರಾ? ಮುಂದಿನದು ಭಾನುವಾರ. ಭಾನುವಾರ ಬೆಳಗ್ಗೆ ಲೈಬ್ರರಿಯ ಹಾಲಿನಲ್ಲಿ ಹಿರಿಯರ ಯೋಗದ ಕ್ಲಾಸು. ಉಳುಕಿದ ಸೊಂಟಕ್ಕೆ ಒಳ್ಳೇದು ಅಂತ ಯಾರೋ ಹೇಳಿ, ಡಾಕ್ಟ್ರೂ ಬಂದಿದ್ದರು. ಕೊನೆಗೆ ಶವಾಸನ. ಹನ್ನೊಂದು ಜನ ಕಣ್ಣು ಮುಚ್ಚಿ, ಕೈಕಾಲು ಸಡಿಲ ಬಿಟ್ಟು, ಅಂಗಾತ ಮಲಗಿದರು. ಉಸಿರಿನ ಸದ್ದೂ ಇಲ್ಲ.

ನೆಲ ಒರೆಸೋಕೆ ಫಿನಾಯಿಲ್ ನೀರಿನ ಬಕೆಟ್ಟು ಹಿಡಿದು ಸಣ್ಣಸ್ವಾಮಿ ಒಳಗೆ ಬಂದ. ನೋಡಿದ. ಒಬ್ಬರಲ್ಲ, ಇಬ್ಬರಲ್ಲ, ಹನ್ನೊಂದು ಜನ ಬಿದ್ದವರೆ!

“ಅಯ್ಯಯ್ಯಪ್ಪೋ!” ಅಂದವನೇ ಬಕೆಟ್ಟು ಎತ್ತಿ ಮುಖಮುಖಕ್ಕೆ ಎರಚಿದ. ಅವರು ಕಣ್ಣು ಉಜ್ಜಿಕೊಂಡು ಕೆಮ್ಮೋದರೊಳಗೆ, ಹತ್ತಿರ ಸಿಕ್ಕ ಡಾಕ್ಟ್ರನ್ನ ಹೆಗಲಿಗೆ ಹಾಕಿಕೊಂಡು ರಸ್ತೆ ದಾಟಿ ಬಸ್ ಸ್ಟ್ಯಾಂಡಿಗೆ ಓಡಿದ. ಗಾಳಿ ಅಲ್ಲೇ ಜಾಸ್ತಿ. “ಜಾಗ ಬಿಡಿ! ಡಾಕ್ಟ್ರು ಹೋಗ್ಬುಟ್ರು! ಜಾಗ ಬಿಡಿ!”

“ಹೋಗಿಲ್ಲ ಕಣೋ!” ಅಂತ ಡಾಕ್ಟ್ರು ಅವನ ಬೆನ್ನಿಗೆ ಗುದ್ದುತಾ ಇದ್ದರು.

ಅವತ್ತು ಮೇಡಮ್ಮೋರು ತಾಯಿ ಮಗ ಇಬ್ಬರನ್ನೂ ಮೇಜಿನ ಮುಂದೆ ನಿಲ್ಲಿಸಿದರು. ಧ್ವನಿ ಏರಿಸಲಿಲ್ಲ. ಅದಕ್ಕೇ ಹೊಂಬಾಳಮ್ಮನಿಗೆ ಹೆದರಿಕೆ ಆಯ್ತು. “ನೋಡಿ ಹೊಂಬಾಳಮ್ಮ, ನಿಮ್ಮ ಮುಖ ನೋಡಿ ಸುಮ್ಮನಿದ್ದೀನಿ. ಇನ್ನೊಂದೇ ಒಂದು ಸಲ. ಸಣ್ಣಸ್ವಾಮಿ, ಇನ್ನು ಮೇಲೆ ನಿನ್ನ ತಲೆ ಓಡಿಸಬೇಡ. ನಾನು ಏನು ಹೇಳ್ತೀನೋ ಅದು. ಅಷ್ಟೇ. ನಾಳೆ ಲೈಬ್ರರಿಗೆ ರಜ, ಬೀಗದ ಕೈ ತಗೋ. ಸಾಯಂಕಾಲ ಏಳಕ್ಕೆ ಇಲ್ಲಿ ಪುಸ್ತಕ ಬಿಡುಗಡೆ. ನಾನು ಡಾಕ್ಟ್ರನ್ನ ಕರಕೊಂಡು ಬರೋದರೊಳಗೆ ಬಿಡುಗಡೆಯ ತಯಾರಿ ಎಲ್ಲಾ ಮಾಡಿಟ್ಟಿರು.”

ನಂಜರಾಜಯ್ಯನವರು ಪದ್ಯ ಬರೆದು ಪುಸ್ತಕ ಮಾಡಿಸಿದ್ದರು. ಅದರ ಬಿಡುಗಡೆ. ಇದು ನಿಮಗೆ ಗೊತ್ತು, ನನಗೆ ಗೊತ್ತು. ಸಣ್ಣಸ್ವಾಮಿಗೆ ಯಾರೂ ಹೇಳಲಿಲ್ಲ.

ಮಾರನೇ ಬೆಳಗ್ಗೆ ಹೊಂಬಾಳಮ್ಮ ಅಕ್ಕಿ ಆರಿಸ್ತಿದ್ದಳು. ಮಂಡಿ ನೋಯ್ತಿತ್ತು. ಮಗ ಕೇಳಿದ: “ಅವ್ವ, ಬಿಡುಗಡೆ ಅಂದ್ರೇನವ್ವ?”

“ಅದೂ ತಿಳೀದಾ? ನಿಮ್ಮ ಸೋದರಮಾವನಿಗೆ ಜೈಲಿಂದ ಆಯ್ತಲ್ಲ, ಅದೇ ಬಿಡುಗಡೆ! ಬಾಗಿಲು ತೆಗೆದು, ಆಚೆಗೆ ಬಿಟ್ಟು, ಬಸ್ಸು ಹತ್ತಿಸಿದ್ರು. ಎಲ್ಲಿಗಾದ್ರೂ ಹೋಗಪ್ಪ ಅಂದ್ರು. ಹೋಗು ಅತ್ಲಾಗೆ, ತಲೆ ತಿನ್ನಬೇಡ!”

ಹೋದ. ಲೈಬ್ರರಿಯ ಕಪಾಟಿನ ಬೀಗ ಒಂದೊಂದೇ ತೆಗೆದ. ಗಾಜಿನ ಹಿಂದೆ ಎಷ್ಟು ವರ್ಷದಿಂದ ಕೂತಿದ್ದವೋ, ಪಾಪ! “ಬನ್ರಪ್ಪ, ನಿಮಗೆ ಬಿಡುಗಡೆ ಆಯ್ತು” ಅಂತ ತೋಳು ತುಂಬಾ ತಬ್ಬಿಕೊಂಡು ಆಚೆ ತಂದ. ಕಾಂಪೌಂಡಿನ ಮೇಲೆ ಸಾಲಾಗಿ ಕೂರಿಸಿದ. “ಹೋಗಿ ಇನ್ನ” ಅಂದ. ಅವು ಹೋಗಲಿಲ್ಲ. ನಡೆಯೋದು ಮರೆತುಬಿಟ್ಟವೆ! ಸರಿ, ಬಸ್ಸು ಹತ್ತಿಸಿದ. ಕೊಳ್ಳೇಗಾಲದ ಬಸ್ಸಿಗೆ ದಪ್ಪದಪ್ಪದವು ನಲವತ್ತು, ಕಿಟಕಿ ಪಕ್ಕದಲ್ಲೇ. ನಂಜನಗೂಡಿನ ಬಸ್ಸಿಗೆ ಅರವತ್ತು. ಮೈಸೂರಿನ ಬಸ್ಸಿನಲ್ಲಿ ಜಾಗ ಇಲ್ಲದೆ ಟಾಪಿನ ಮೇಲೆ. ಕಂಡಕ್ಟರು “ಏನಯ್ಯಾ ಇದು?” ಅಂದರೆ “ಒಳ್ಳೇ ಜನ ಸ್ವಾಮಿ, ಏನೂ ತಪ್ಪು ಮಾಡಿಲ್ಲ, ದಾರಿಯಲ್ಲಿ ಎಲ್ಲಾದ್ರೂ ಇಳಿಸಿ” ಅಂದ. ಬಸ್ಸು ಹೊರಟಾಗ ಕೈ ಬೀಸಿದ, ಕಣ್ಣೂ ಒರೆಸಿಕೊಂಡ.

ಐದು ಗಂಟೆಗೆ ಮೇಡಮ್ಮೋರು ಡಾಕ್ಟ್ರನ್ನ ಕರಕೊಂಡು ಬಂದರು. ಹೊಸ ಪುಸ್ತಕದ ಎರಡು ಕಟ್ಟು ಆಟೋದಲ್ಲಿ. ಹಿಂದೆಯೇ ಹೊಂಬಾಳಮ್ಮ. ಒಳಗೆ ಕಾಲಿಟ್ಟರೆ ಲೈಬ್ರರಿ ಬಣಬಣ! ಕಪಾಟೆಲ್ಲಾ ಬಾಯಿ ಬಿಟ್ಟುಕೊಂಡಿವೆ.

“ಪುಸ್ತಕಗಳೆಲ್ಲಿ?”

“ಬಿಡುಗಡೆ ಆಯ್ತು ಮೇಡಮ್ಮೋರೆ. ಎಲ್ಲಾ ಕ್ಷೇಮವಾಗಿ ಹೊರಟ್ರು.”

ಮೇಡಮ್ಮೋರು ಕುರ್ಚಿ ಹಿಡಿದುಕೊಂಡರು. ಆಮೇಲೆ ಬಾಯಿಗೆ ಬಂತು ನೋಡಿ: ಕತ್ತೆ ಅಂದರು, ಕೋಣ ಅಂದರು, ಮೂರೂ ಬಿಟ್ಟೋನು ಅಂದರು. “ಇನ್ನೊಂದು ಪುಸ್ತಕ ಈ ಬಾಗಿಲು ದಾಟಿ ಆಚೆಗೆ ಹೋಗಕೂಡದು! ಬಾಗಿಲಿಗೆ ಬೀಗ ಹಾಕೋ!” ಡಾಕ್ಟ್ರು ಸೊಂಟ ಹಿಡಿದುಕೊಂಡೇ “ಇವನನ್ನ ಕೊಟ್ಟಿಗೆಯಲ್ಲಿ ಕಟ್ಟಿಹಾಕಬೇಕು” ಅಂದರು.

ಆ ಮಾತಿಗೆ ಹೊಂಬಾಳಮ್ಮ ತಿರುಗಿದಳು. ಮೂವತ್ತೆರಡು ವರ್ಷ ಮಗನ ಮೇಲೆ ಸುರಿದ ಸಿಟ್ಟು ಅವತ್ತು ಅತ್ತಕಡೆ ಹೊರಳಿತು.

“ಯಾರನ್ನ ಕಟ್ಟಿಹಾಕ್ತೀರಿ ಡಾಕ್ಟ್ರೆ? ಇವನೇನು ಕದ್ದನಾ? ಕುಡಿದನಾ? ಬಾಯಿ ಬಿಟ್ಟೋರ್ನ ಕಳಿಸು ಅಂದೋರು ಯಾರು? ನೀರು ಹೊಡಿ ಅಂದೋರು ಯಾರು? ಬಿಡುಗಡೆ ಮಾಡು ಅಂದೋರು ಯಾರು? ಬಸ್ಸು ಹತ್ತಿಸೋದು ಕಲಿಸಿದೋಳು ನಾನು! ಊರೆಲ್ಲಾ ಹೇಳೋದು, ನನ್ನ ಮಗ ಕೇಳೋದು, ಆಮೇಲೆ ಊರೆಲ್ಲಾ ಉಗಿಯೋದು! ಕೇಳಿದ್ದೇ ತಪ್ಪಾಗೋಯ್ತು ಇವನದು!” ಮಗನ ಕಡೆ ತಿರುಗಿ ಎದೆ ಬಡಿದುಕೊಂಡಳು. “ಲೋ ಸಣ್ಣಸ್ವಾಮಿ! ಇವತ್ತಿಂದ ಯಾರ ಮಾತೂ ಕೇಳ್ಬೇಡ! ಯಾರು ಏನಂದ್ರೂ ಕೇಳ್ಬೇಡ! ನಾನು ಹೇಳಿದ್ರೂ ಕೇಳ್ಬೇಡ!”

ಸಣ್ಣಸ್ವಾಮಿ ಆಗಲಿ ಅಂದ. ಆಚೆಗೆ ಹೋದ. ಪುಸ್ತಕ ಆಚೆಗೆ ಹೋಗಕೂಡದು ಅಂತ ಮೊದಲೇ ಹೇಳಿದ್ದರಲ್ಲ, ಹೊರಗಿನಿಂದ ಬೀಗ ಜಡಿದ. ಮೂರು ಜನ ಒಳಗೆ!

“ತೆಗಿಯೋ!” ಅಂದರು ಮೇಡಮ್ಮೋರು. ಕೇಳಲಿಲ್ಲ.

“ತೆಗಿಯಪ್ಪ, ನಿನ್ನ ದಮ್ಮಯ್ಯ!” ಅಂದರು ಡಾಕ್ಟ್ರು. ಕೇಳಲಿಲ್ಲ.

“ತೆಗಿಯೋ ನನ್ನ ಕಂದ!” ಅಂದಳು ಹೊಂಬಾಳಮ್ಮ. ಮೆಟ್ಟಿಲ ಮೇಲೆ ಕೂತು ಕಾಲು ಅಲ್ಲಾಡಿಸ್ತಾ ಬಸ್ಸು ನೋಡ್ತಿದ್ದ.

ಒಂದು ಗಂಟೆ ಕಳೆಯಿತು. ಸೆಕೆಗೆ ಮೂವರೂ ಬೆವೆತು ನೀರಾದರು. ಹೊಂಬಾಳಮ್ಮನಿಗೆ ತಡೆಯಲಿಲ್ಲ. ಕಿಟಕಿ ಸರಳು ಅಲ್ಲಾಡಿಸಿ ಕಿರುಚಿದಳು: “ತೆಗೀಬೇಡ ಹೋಗ್ಲಾ! ಇಲ್ಲೇ ಸಾಯ್ತೀವಿ, ತೆಗೀಲೇಬೇಡ!”

ಸಣ್ಣಸ್ವಾಮಿ ಎದ್ದು ಬಂದು ಬೀಗ ತೆಗೆದ.

ಆಚೆ ಬಂದ ಮೇಡಮ್ಮೋರು ಬೆರಳು ಆಡಿಸಿದರು: “ನಾಳೆಯಿಂದ ಲೈಬ್ರರಿ ಕಡೆ ತಲೆ ಹಾಕಬೇಡ!” ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. ಹೋಯ್ತು, ಕೈಗೆ ಬಂದ ಕೆಲಸ ಹೋಯ್ತು. “ಮನೆ ಕಡೆ ಬರಬೇಡ! ನಿನಗಿನ್ನು ಅನ್ನ ಇಲ್ಲ, ಉಣ್ಣಬೇಡ!” ಅಂದು ಅಳ್ತಾ ಅಳ್ತಾ ಕುಂಟ್ಕೊಂಡು ಹೊರಟಳು.

ಮನೆಗೆ ಹೋಗಿ ನೋಡಿದರೆ ಮಗ ಅವಳಿಗಿಂತ ಮೊದಲೇ ಬಂದು, ಚಕ್ಕಳಮಕ್ಕಳ ಹಾಕಿ, ಎರಡನೇ ಮುದ್ದೆ ಮುರೀತಿದ್ದ.

“ಬರಬೇಡ ಅನ್ನಲಿಲ್ವೇನ್ಲಾ?”

“ಅಂದೆ ಕಣವ್ವ. ಕೇಳ್ಬೇಡ ಅಂದೋಳೂ ನೀನೇ.”

ಬೈಯೋಕೆ ಬಾಯಿ ತೆಗೆದಳು. ಏನು ಬೈದರೆ ಏನಾಗುತ್ತೋ ಅಂತ ಹೆದರಿ, ಬಾಯಿ ಮುಚ್ಚಿಕೊಂಡು, ಸಾರು ಬಡಿಸಿದಳು.

ಮಾರನೇ ಬೆಳಗ್ಗೆ ಮೈಸೂರಿನ ಬಸ್ಸು ಟಾಪಿನ ಮೇಲಿನ ಪುಸ್ತಕಗಳನ್ನ ಹಾಗೇ ವಾಪಸ್ಸು ತಂದಿತ್ತು. ಮೇಡಮ್ಮೋರು ಅವನ್ನ ಇಳಿಸಿಕೊಂಡು ಬಂದು ನೋಡಿದರೆ, ಅಂಗಳ ಗುಡಿಸಿದೆ, ನೀರು ಚಿಮುಕಿಸಿದೆ, ಬಾಗಿಲ ಮುಂದೆ ಪೊರಕೆ ಹಿಡಿದು ಸಣ್ಣಸ್ವಾಮಿ ನಿಂತಿದ್ದಾನೆ.

“ಒಳಗೆ ಕಾಲಿಡಬೇಡ!” ಅಂತ ಕಿರುಚಿದರು.

ಸಣ್ಣಸ್ವಾಮಿ ಚಪ್ಪಲಿ ಬಿಟ್ಟು ಒಳಗೆ ಹೋದ.